ಏಳೇ ಬಲ್ಕ್‌ಹೆಡ್‌ನ ಹಡಗು: ಮರದ ಕಿಟ್ ಕಟ್ಟಿ, ಬಹುಕಾಲ ಇಟ್ಟುಕೊಂಡ ಮೇಲೆ

ಈ ಮಾದರಿ ಹಡಗಿನ ಕಿಟ್ಟಿನ ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಹಾಯಿ, ಹಗ್ಗ, ಪುಟಾಣಿ ಫಿರಂಗಿ ಎಲ್ಲ ಕಾಣುತ್ತವೆ. ಕಾಣದಿರುವುದು ಒಳಗಿನ ಅಸ್ಥಿಪಂಜರ, ನನ್ನ ತಕರಾರೂ ಅದರ ಬಗ್ಗೆಯೇ. ಒಂದೇ ಕೂವೆಮರದ ಕಟರ್ ಎಂಬ ಚಿಕ್ಕ ಹಾಯಿಹಡಗು, 1:64 ಅಳತೆ, ಒಡಲು ಸುಮಾರು 36 ಸೆಂ.ಮೀ. ಉದ್ದ. ಅಷ್ಟಕ್ಕೆ ಕೊಟ್ಟಿರುವ ಬಲ್ಕ್‌ಹೆಡ್, ಅಂದರೆ ಒಡಲಿಗೆ ಆಕಾರ ಕೊಡುವ ಅಡ್ಡ ಪ್ಲೈವುಡ್ ತುಂಡು, ಏಳೇ ಏಳು. ಒಂದರಿಂದ ಇನ್ನೊಂದಕ್ಕೆ ನಾಲ್ಕೂವರೆ ಸೆಂ.ಮೀ. ಖಾಲಿ ಜಾಗ.

ಒಡಲಿಗೆ ಹೊದಿಸುವ ಮೊದಲ ಪದರದ 1.5 ಮಿ.ಮೀ. ಮರದ ಪಟ್ಟಿ ಬಲ್ಕ್‌ಹೆಡ್ ಇರುವಲ್ಲಿ ಬಾಗುತ್ತದೆ, ನಡುವೆ ಚಪ್ಪಟೆಯಾಗಿಬಿಡುತ್ತದೆ. ಉಜ್ಜಿ ಸರಿಮಾಡೋಣವೆಂದರೆ ಉಬ್ಬಿದ ಕಡೆ ಮರ ಕಾಗದದಷ್ಟು ತೆಳುವಾಗಿ ತೂತು ಬೀಳುತ್ತದೆ. ಉಜ್ಜದೆ ಬಿಟ್ಟರೆ ಹಸಿದ ದನದ ಪಕ್ಕೆಲುಬಿನ ಹಾಗೆ ಸಾಲು ಎದ್ದು ಕಾಣುತ್ತದೆ. ಮೇಲಿನ ವಾಲ್‌ನಟ್ ಪದರ ಬರೀ ಅರ್ಧ ಮಿ.ಮೀ. ದಪ್ಪ. ಅದು ಕೆಳಗಿನ ಉಬ್ಬುತಗ್ಗನ್ನು ಮುಚ್ಚುವುದಿಲ್ಲ; ವಾರ್ನಿಷ್ ಬಿದ್ದೊಡನೆ ಇನ್ನಷ್ಟು ಎತ್ತಿ ತೋರಿಸುತ್ತದೆ. ಇನ್ನೂ ನಾಲ್ಕು ತುಂಡು ಪ್ಲೈವುಡ್ ಕೊಟ್ಟಿದ್ದರೆ ತಯಾರಕರ ಗಂಟೇನೂ ಹೋಗುತ್ತಿರಲಿಲ್ಲ.

ಪರಿಹಾರ ಇದೆ, ಆದರೆ ಕೈಪಿಡಿಯಲ್ಲಿಲ್ಲ. ಪಟ್ಟಿ ಹೊಡೆಯುವ ಮೊದಲೇ ಖಾಲಿ ಜಾಗಗಳಿಗೆ ಬಾಲ್ಸಾ ಮರದ ತುಂಡು ಕೂರಿಸಿ, ಬಲ್ಕ್‌ಹೆಡ್ ಅಂಚಿಗೆ ಸಮವಾಗುವವರೆಗೆ 120ರ ಉಜ್ಜುಕಾಗದದಲ್ಲಿ ಉಜ್ಜಬೇಕು. ಎಲ್ಲ ಕಡೆ ಬೇಡವೆನಿಸಿದರೂ ಮೂತಿಯ ಎರಡು ಸಂದು, ಹಿಂಭಾಗದ ಕೊನೆಯ ಸಂದು ತುಂಬಲೇಬೇಕು. ತಿರುವು ಹೆಚ್ಚಿರುವುದು ಅಲ್ಲೇ.

ಇಷ್ಟು ಬೈದ ಮೇಲೂ ಈ ಕಿಟ್ಟನ್ನು ತೆಗೆದುಹಾಕಲು ಮನಸ್ಸು ಬರುವುದಿಲ್ಲ. ಪಟ್ಟಿ ಹೊಡೆಯುವ ಕೆಲಸದ ಸುಖವೇ ಅಂಥದ್ದು. ಸಂಜೆಗೆ ಒಂದೇ ಜೋಡಿ, ಎಡಕ್ಕೊಂದು ಬಲಕ್ಕೊಂದು. ಒಂದೇ ಬದಿಗೆ ನಾಲ್ಕಾರು ಹೊಡೆದರೆ ಕೀಲ್, ಅಂದರೆ ಹಡಗಿನ ಬೆನ್ನೆಲುಬು, ತಿರುಚಿಕೊಳ್ಳುತ್ತದೆ. ಬಿಸಿನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ಮೂತಿಯ ತಿರುವಿಗೆ ಬಾಗಿಸಿ, ಕ್ಲಿಪ್ ಹಾಕಿ ರಾತ್ರಿಯಿಡೀ ಒಣಗಲು ಬಿಡಬೇಕು. ನೆಂದ ಮರ ಅಗಲದಲ್ಲಿ ಹಿಗ್ಗಿರುತ್ತದೆ. ಆಗಲೇ ಅಂಟಿಸಿದರೆ ಒಣಗಿ ಕುಗ್ಗಿದ ಮೇಲೆ ಸಾಲುಗಳ ನಡುವೆ ಬಿರುಕು ಬಿಡುತ್ತದೆ. ಮರುದಿನ ತೆಗೆದಾಗ ಪಟ್ಟಿ ತಾನೇ ಆ ಆಕಾರ ಹಿಡಿದು ನಿಂತಿರುತ್ತದೆ. ಬಿಳಿ ಅಂಟಿನ ಒಂದು ಗೆರೆ ಎಳೆದು ಒತ್ತಿದರೆ ಮುಗಿಯಿತು.

ಮೂತಿಯ ಕಡೆಗೆ ಪಟ್ಟಿ ಸಪೂರ ಮಾಡುವ ಲೆಕ್ಕ ಸುಲಭ. ನಡುವಿನ ಬಲ್ಕ್‌ಹೆಡ್ ಅಂಚಿಗೆ ಕಾಗದದ ಚೂರು ಸುತ್ತಿ ಅಳೆಯಿರಿ. 90 ಮಿ.ಮೀ. ಬಂದರೆ 5 ಮಿ.ಮೀ. ಪಟ್ಟಿ 18 ಬೇಕು. ಮೂತಿಯಲ್ಲಿ 63 ಬಂದರೆ ಪ್ರತಿ ಪಟ್ಟಿಯ ತುದಿ 3.5 ಆಗಬೇಕು. ಅರ್ಧ ಅಗಲಕ್ಕಿಂತ ಕಡಿಮೆ ಬಂದರೆ ಕೊರೆಯಲು ಹೋಗಬೇಡಿ, ಅಲ್ಲಿ ಒಂದು ಪಟ್ಟಿಯನ್ನೇ ಕಡಿಮೆ ಮಾಡಿ.

ಅವಸರಕ್ಕೆ ಸೂಪರ್ ಗ್ಲೂ ಬಳಸಿದ ಕಡೆಯೆಲ್ಲ ಬಿಳಿ ಮಂಜು ಕಟ್ಟುತ್ತದೆ, ಮರದ ಬಣ್ಣವೂ ಅಲ್ಲಿ ಹಿಡಿಯುವುದಿಲ್ಲ.

ಹಗ್ಗದ ಕೆಲಸಕ್ಕೆ 1:64 ಹದವಾದ ಅಳತೆ. ನಿಜವಾದ ಹಡಗಿನ ಏಣಿಹಗ್ಗದ ಮೆಟ್ಟಿಲುಗಳ ಅಂತರ ಸುಮಾರು 38 ಸೆಂ.ಮೀ.; ಇಲ್ಲಿ ಅದು 6 ಮಿ.ಮೀ. 1:96ರಲ್ಲಾದರೆ ನಾಲ್ಕೇ ಮಿ.ಮೀ., ಚಿಮುಟ ಹಿಡಿದ ಕೈಗೆ ಜಾಗವೇ ಸಿಗದು. ಮೊದಲ ಕಿಟ್ಟಿಗೇ 1765ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ವಿಕ್ಟರಿಯ ಮೇಲೆ ಕಣ್ಣು ಹಾಕುವವರು ಮೂರು ಕೂವೆಮರ, ನೂರಕ್ಕೂ ಹೆಚ್ಚು ಫಿರಂಗಿ ಅನ್ನುವುದನ್ನು ಒಮ್ಮೆ ನೆನೆಸಿಕೊಳ್ಳಲಿ. ಒಂದು ಫಿರಂಗಿಯ ಕೆಲಸ ಕಲಿಯುವುದು ಸಂತೋಷ, ಐವತ್ತನೆಯದು ಕೂಲಿ.

ಕಾಲ ಕಳೆದ ಮೇಲೆ ಕೈಕೊಟ್ಟದ್ದು ದಾರ. ಕಿಟ್ಟಿನದು ಹತ್ತಿ ದಾರ. ಗಾಳಿಯ ತೇವ ಏರಿಳಿದಂತೆ ಅದೂ ಬಿಗಿಯುತ್ತದೆ, ಸಡಿಲುತ್ತದೆ. ಜೊತೆಗೆ ನಾರೆದ್ದು ಧೂಳು ಹಿಡಿಯುತ್ತದೆ. ಜೇನುಮೇಣದ ಮೇಲೆ ಎಳೆದರೆ ನಾರು ಅಡಗುತ್ತದೆ, ಸಡಿಲವಾಗುವುದು ನಿಲ್ಲುವುದಿಲ್ಲ. ಮೊದಲೇ ಪಾಲಿಯೆಸ್ಟರ್ ದಾರ ತರುವುದು ವಾಸಿ. ಕೂವೆಮರ ಹಿಡಿಯುವ ಹಗ್ಗಕ್ಕೆ ಕಪ್ಪುಗಂದು, ಹಾಯಿ ಎಳೆಯುವುದಕ್ಕೆ ತಿಳಿ ಬಣ್ಣ. 3 ಮಿ.ಮೀ. ರಾಟೆಗಳ ತೂತು ಅರ್ಧಂಬರ್ಧ ಕೊರೆದಿರುತ್ತದೆ, 0.6 ಮಿ.ಮೀ. ಬೈರಿಗೆಯಲ್ಲಿ ಒಮ್ಮೆ ಬಿಡಿಸಿಕೊಳ್ಳಿ.

ದಿನಕ್ಕೊಂದು ಗಂಟೆ ನಿಧಾನವಾಗಿ ಕೂರುವವರಿಗೆ, ಬಾಲ್ಸಾ ಮತ್ತು ದಾರಕ್ಕೆ ಇನ್ನಷ್ಟು ಖರ್ಚಾದರೂ ಪರವಾಗಿಲ್ಲ ಎನ್ನುವವರಿಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಪೆಟ್ಟಿಗೆಯಲ್ಲಿ ಇರುವಷ್ಟರಲ್ಲೇ ಮುಗಿಯಬೇಕು ಎನ್ನುವವರಿಗೆ ಎರಡು. ಯಾವ ಕಿಟ್ ಕೊಳ್ಳುವುದಿದ್ದರೂ ಮಾರುವವರಿಂದ ಪ್ಲೈವುಡ್ ಹಾಳೆಯ ಫೋಟೋ ತರಿಸಿಕೊಂಡು ಬಲ್ಕ್‌ಹೆಡ್ ಎಣಿಸಿ. ಪೆಟ್ಟಿಗೆ ಕೈಗೆ ಬಂದ ದಿನವೇ ಕೀಲ್ ತುಂಡನ್ನು ಗಾಜಿನ ಮೇಲೆ ಮಲಗಿಸಿ ನೋಡಿ. ಬಾಗಿದ್ದರೆ ಅಂಟು ಮುಟ್ಟಿಸುವ ಮೊದಲೇ ಬದಲಿ ಕೇಳಿ.