ಶೇಂಗಾ, ಎಳ್ಳು, ಕುಸುಬೆ, ಹುಚ್ಚೆಳ್ಳು: ಎಲ್ಲಕ್ಕೂ ಒಂದೇ ಗಾಣ ಸಾಕಾ?

ಚಳ್ಳಕೆರೆ ತಾಲ್ಲೂಕಿನಲ್ಲಿ ನಮ್ಮದು ನಾಲ್ಕು ಎಕರೆ ಹೊಲ. ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಮುಖ್ಯವಾಗಿ ಶೇಂಗಾ. ಅಕ್ಕಡಿ ಸಾಲಿನಲ್ಲಿ ಎಳ್ಳು, ಹುಚ್ಚೆಳ್ಳು, ಹರಳು. ಒಂದು ಮೂಲೆಯಲ್ಲಿ ಎರೆ ನೆಲ ಇದೆ, ಅಲ್ಲಿ ಹಿಂಗಾರಿಗೆ ಕುಸುಬೆ ಚೆಲ್ಲುತ್ತೇವೆ. ಇಷ್ಟೆಲ್ಲಾ ಎಣ್ಣೆಕಾಳು ಮನೆಯಲ್ಲಿ ಇಟ್ಟುಕೊಂಡು ಅಡುಗೆಗೆ ಮಾತ್ರ ಪ್ಯಾಕೆಟ್ ಎಣ್ಣೆ ತರುತ್ತಿದ್ದೆವು. ಎಣ್ಣೆ ನಗರ ಅಂತ ಹೆಸರು ಮಾಡಿದ ಊರಿನ ಪಕ್ಕದಲ್ಲಿ ಇದ್ದುಕೊಂಡು ಹಿಂಗೆ ಮಾಡ್ತೀರಲ್ಲ ಅಂತ ಅವ್ವ ವರ್ಷಗಟ್ಟಲೆ ಬೈದಳು. ಕೊನೆಗೆ ಒಂದು ಯಂತ್ರ ತೆಗೆದುಕೊಳ್ಳೋಣ ಅಂತ ಹೊರಟೆ.

ನಾನು ಮೇಷ್ಟ್ರು. ಪಾಠ ಮಾಡುವವನಿಗೆ ಅಳೆದು ನೋಡದೆ ಸಮಾಧಾನ ಇಲ್ಲ. ಹಾಗಾಗಿ ಒಂದೇ ಕಣದ ಶೇಂಗಾ ಬೀಜವನ್ನು ಮೂರು ಚೀಲ ಮಾಡಿದೆ, ಒಂದೊಂದರಲ್ಲಿ ಹತ್ತು ಕೆಜಿ. ಒಂದು ಚೀಲ ಚಿತ್ರದುರ್ಗದ ಮರದ ಗಾಣಕ್ಕೆ. ಒಂದು ಜಗಳೂರು ಕಡೆ ಇರುವ ನಮ್ಮ ಭಾವನ ಮನೆಗೆ. ಅವರು ಎರಡು ಎಚ್‌ಪಿ ಮೋಟರಿನ ಕಬ್ಬಿಣದ ಎಕ್ಸ್‌ಪೆಲ್ಲರ್ ಇಟ್ಟುಕೊಂಡು ಊರವರ ಕಾಳು ಹಿಂಡಿಕೊಡುತ್ತಾರೆ. ಮೂರನೆಯದು ದಾವಣಗೆರೆಯಲ್ಲಿ ಕೊಂಡ, ಅಡುಗೆಮನೆ ಕಟ್ಟೆ ಮೇಲೆ ಕೂರುವ ಪುಟ್ಟ ಯಂತ್ರಕ್ಕೆ. ಮಿಕ್ಸಿಗಿಂತ ಸ್ವಲ್ಪ ದೊಡ್ಡದು, ಹದಿನೆಂಟು ಸಾವಿರ ಬಿತ್ತು.

ಮೊದಲು ತೂಕದ ಲೆಕ್ಕ ಹೇಳಿಬಿಡುತ್ತೇನೆ, ಎಲ್ಲರೂ ಕೇಳುವುದು ಅದನ್ನೇ. ಎರಡು ದಿನ ಗಷ್ಟು ಇಳಿಯಲು ಬಿಟ್ಟು, ಮೇಲಿನ ತಿಳಿ ಎಣ್ಣೆ ಬಗ್ಗಿಸಿ ತೂಗಿದೆ. ಮರದ ಗಾಣದಲ್ಲಿ 4.1 ಕೆಜಿ. ಭಾವನ ಎಕ್ಸ್‌ಪೆಲ್ಲರಿನಲ್ಲಿ 4.3 ಕೆಜಿ. ಪುಟ್ಟ ಯಂತ್ರದಲ್ಲಿ 3.6 ಕೆಜಿ. ಶೇಂಗಾ ಬೀಜದಲ್ಲಿ ನೂರಕ್ಕೆ 45ರಿಂದ 50 ಭಾಗ ಎಣ್ಣೆ ಇರುತ್ತದೆ. ಅದರಲ್ಲಿ ಯಾವ ಯಂತ್ರವೂ ಪೂರ್ತಿ ತೆಗೆಯುವುದಿಲ್ಲ, ಉಳಿದದ್ದು ಹಿಂಡಿಯಲ್ಲಿ ಹೋಗುತ್ತದೆ. ಇಲ್ಲೊಂದು ಕಿವಿಮಾತು. ಲೀಟರಿನಲ್ಲಿ ಲೆಕ್ಕ ಹೇಳುವವರನ್ನು ಕೆಜಿಯಲ್ಲಿ ಎಷ್ಟು ಅಂತ ಕೇಳಿ. ಶೇಂಗಾ ಎಣ್ಣೆ ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ ಅಷ್ಟೇ. ಲೀಟರಿನಲ್ಲಿ ಹೇಳಿದರೆ ಯಂತ್ರ ಜಾಸ್ತಿ ಎಣ್ಣೆ ಕೊಟ್ಟಂತೆ ಕಾಣುತ್ತದೆ.

ಇಷ್ಟೇ ನೋಡಿದರೆ ಭಾವನದೇ ಗೆಲ್ಲಬೇಕು. ಹತ್ತು ಕೆಜಿ ಮುಗಿಯಲು ಅವರಿಗೆ ಮುಕ್ಕಾಲು ಗಂಟೆಯೂ ಬೇಕಾಗಲಿಲ್ಲ. ಮರದ ಗಾಣದವರಿಗೆ ಒಂದು ಗಂಟೆ ಹತ್ತಿರ ಹಿಡಿಯಿತು. ನನ್ನ ಪುಟ್ಟ ಯಂತ್ರ ನಡುವೆ ಎರಡು ಸಲ ಆರಲು ಬಿಟ್ಟು ನಾಲ್ಕೂವರೆ ಗಂಟೆ ತೆಗೆದುಕೊಂಡಿತು. ಆದರೆ ನಮ್ಮ ಮನೆಯ ಸಮಸ್ಯೆ ಶೇಂಗಾ ಅಲ್ಲ. ಶೇಂಗಾ ಎಲ್ಲದರಲ್ಲೂ ಆಗುತ್ತದೆ. ಕಷ್ಟ ಶುರುವಾಗುವುದು ಕಾಳು ಬದಲಾಯಿಸುವಾಗ.

ಚಿತ್ರದುರ್ಗದ ಗಾಣದಲ್ಲೇ ಇದು ಮೊದಲು ಗೊತ್ತಾಯಿತು. ಮರದ ಒರಳು, ಮರದ ಒನಕೆ, ಕೆಳಗೆ ಮೋಟರ್. ನಿಮಿಷಕ್ಕೆ ಹತ್ತು ಹದಿನೈದು ಸುತ್ತು, ಅದಕ್ಕಿಂತ ಅವಸರ ಇಲ್ಲ. ಅಡುಗೆಮನೆಯ ಥರ್ಮಾಮೀಟರ್ ಜೇಬಿನಲ್ಲಿ ಇಟ್ಟುಕೊಂಡು ಹೋಗಿದ್ದೆ. ಸೋರುವ ಎಣ್ಣೆಗೆ ಹಿಡಿದರೆ 42 ಡಿಗ್ರಿ. ನಡುನಡುವೆ ಗಾಣದವರು ಒಂದು ಚೊಂಬು ನೀರು ಚಿಮುಕಿಸುತ್ತಿದ್ದರು. ಎಣ್ಣೆಗೆ ನೀರು ಯಾಕೆ ಅಂತ ಕೇಳಿದರೆ ನಕ್ಕರು. ನೀರು ಬಿದ್ದಾಗ ಹಿಟ್ಟು ಒಂದಕ್ಕೊಂದು ಅಂಟಿ ಮುದ್ದೆಯಾಗುತ್ತದೆ, ಎಣ್ಣೆ ಬಿಟ್ಟುಕೊಂಡು ಹೊರಗೆ ಬರುತ್ತದೆ. ಎಳ್ಳಿಗೆ ಬೆಲ್ಲ ಹಾಕುವುದೂ ಅದಕ್ಕೇ. ರುಚಿಗೆ ಅಂತ ನಾನು ಇಷ್ಟು ದಿನ ತಿಳಿದಿದ್ದೆ.

ಎಳ್ಳಿನ ಚೀಲವನ್ನೂ ಒಯ್ದಿದ್ದೆ, ಆರು ಕೆಜಿ. ಅವರು ಕೈಯಲ್ಲಿ ತೂಗಿ ನೋಡಿ ವಾಪಸ್ ಕೊಟ್ಟರು.

“ಇದು ಸಾಲಲ್ಲ ಮೇಷ್ಟ್ರೇ. ಒರಳು ತುಂಬಬೇಕು, ಇಲ್ಲಾಂದ್ರೆ ಒನಕೆಗೆ ಹಿಡಿತ ಸಿಗಲ್ಲ. ಹತ್ತು ಕೆಜಿ ಮಾಡ್ಕೊಂಡು ಬನ್ನಿ. ಅದೂ ಎಳ್ಳಿನ ದಿನ ಬನ್ನಿ.”

ಎಳ್ಳಿನ ದಿನ ಅಂದರೆ ಅವರು ವಾರದಲ್ಲಿ ಒಂದು ದಿನ ಎಳ್ಳು ಮಾತ್ರ ಹಾಕುತ್ತಾರೆ. ಮರ ಎಣ್ಣೆ ಕುಡಿಯುತ್ತದೆ. ಎಳ್ಳು ಆಡಿಸಿದ ಒರಳಿಗೆ ತಕ್ಷಣ ಶೇಂಗಾ ಹಾಕಿದರೆ ಶೇಂಗಾ ಎಣ್ಣೆಗೆ ಎಳ್ಳಿನ ವಾಸನೆ. ಎಷ್ಟು ಕೆರೆದರೂ ಪೂರ್ತಿ ಹೋಗುವುದಿಲ್ಲ. ಹುಚ್ಚೆಳ್ಳು ಅಂದರಂತೂ ಅವರು ಕೈಮುಗಿದರು. ಮೂರು ಕೆಜಿ ಹುಚ್ಚೆಳ್ಳಿಗೆ ಒಂದು ಗಾಣದ ಎರಡು ದಿನ ಯಾರು ಹಾಳು ಮಾಡಿಕೊಳ್ಳುತ್ತಾರೆ? ಅವರ ಮಾತು ನ್ಯಾಯವೇ.

ಭಾವನ ಎಕ್ಸ್‌ಪೆಲ್ಲರ್ ಬೇರೆ ಜಾತಿ. ಕಬ್ಬಿಣದ ಸ್ಕ್ರೂ ಕಾಳನ್ನು ಮುಂದಕ್ಕೆ ತಳ್ಳಿಕೊಂಡು ಹೋಗುತ್ತದೆ. ಜಾಗ ಕಿರಿದಾಗುತ್ತಾ ಒತ್ತಡ ಏರುತ್ತದೆ. ಸ್ಕ್ರೂ ಸುತ್ತಲಿನ ಕಬ್ಬಿಣದ ಪಟ್ಟಿಗಳ ಸಂದಿಯಿಂದ ಎಣ್ಣೆ, ಮೂತಿಯಿಂದ ಹಿಂಡಿಯ ಚಕ್ಕೆ. ಎಣ್ಣೆ 68 ಡಿಗ್ರಿ ತೋರಿಸಿತು. ಮೂತಿಯ ಬೋಲ್ಟ್ ಬಿಗಿ ಮಾಡಿದರೆ ಹಿಂಡಿ ತೆಳ್ಳಗಾಗಿ ಎಣ್ಣೆ ಜಾಸ್ತಿ, ಆದರೆ ಬಿಸಿಯೂ ಜಾಸ್ತಿ. ಸಡಿಲ ಮಾಡಿದರೆ ಉಲ್ಟಾ. ಶೇಂಗಾಕ್ಕೆ ಒಂದು ಬಿಗಿ, ಕುಸುಬೆಗೆ ಒಂದು ಬಿಗಿ. ಭಾವ ಸ್ಪ್ಯಾನರ್ ಹಿಡಿದು ಹಿಂಡಿಯ ದಪ್ಪವನ್ನು ಬೆರಳಲ್ಲಿ ಮುಟ್ಟಿ ನೋಡಿಯೇ ಹೇಳುತ್ತಾರೆ. ಅದು ಒಂದು ದಿನದಲ್ಲಿ ಕಲಿಯುವ ವಿದ್ಯೆ ಅಲ್ಲ.

ಕುಸುಬೆಯನ್ನು ನೋಡಬೇಕು ಅದರಲ್ಲಿ. ಕುಸುಬೆ ಕಾಳಲ್ಲಿ ಎಣ್ಣೆ ಮೂವತ್ತರ ಆಸುಪಾಸು, ಶೇಂಗಾಕ್ಕಿಂತ ತುಂಬಾ ಕಮ್ಮಿ. ಸಿಪ್ಪೆ ಗಟ್ಟಿ. ಇದು ಯಂತ್ರಕ್ಕೆ ಕಷ್ಟ ಅಂದುಕೊಂಡಿದ್ದೆ. ಆದರೆ ಸ್ಕ್ರೂಗೆ ಆ ಸಿಪ್ಪೆಯೇ ಹಿಡಿತ. ಸರಾಗವಾಗಿ ಓಡಿತು. ಕಷ್ಟ ಕೊಟ್ಟದ್ದು ಸಿಪ್ಪೆ ತೆಗೆದು ಬೆಳ್ಳಗೆ ಮಾಡಿದ ಶೇಂಗಾ. ಚೊಕ್ಕ ಎಣ್ಣೆ ಬರಲಿ ಅಂತ ನಮ್ಮ ಅಕ್ಕ ಒಂದು ಕೆಜಿ ಹುರಿದು ಸಿಪ್ಪೆ ಉಜ್ಜಿ ಕಳಿಸಿದ್ದಳು. ಸ್ಕ್ರೂ ಸುತ್ತುತ್ತದೆ, ಮುಂದಕ್ಕೆ ಹೋಗುವುದಿಲ್ಲ, ಒಳಗೇ ಬೆಣ್ಣೆಯಾಯಿತು. ಭಾವ ಏನೂ ಮಾತಾಡದೆ ಒಂದು ಹಿಡಿ ಶೇಂಗಾ ಹೊಟ್ಟು ಹಾಕಿದರು, ದಾರಿಗೆ ಬಂತು. ಕೊಬ್ಬರಿಗೂ ಇದೇ ಕಥೆ. ಎಣ್ಣೆ ಅರವತ್ತರ ಮೇಲೆ, ನಾರು ಕಮ್ಮಿ. ಅದಕ್ಕೆ ಹಳೇ ಹಿಂಡಿ ಬೆರೆಸಿ ಹಾಕುತ್ತಾರೆ.

ಈಗ ಬದಲಾವಣೆಯ ವಿಷಯ. ಶೇಂಗಾದಿಂದ ಎಳ್ಳಿಗೆ ಹೋಗುವ ಮೊದಲು ಅವರು ಪಟ್ಟಿಗಳನ್ನು ಬಿಚ್ಚಿ, ಕೆರೆದು, ಮತ್ತೆ ಜೋಡಿಸಿದರು. ಗಡಿಯಾರ ನೋಡಿದೆ, ಐವತ್ತು ನಿಮಿಷ. ಆರು ಕೆಜಿ ಎಳ್ಳು ಹಿಂಡಲು ಇಪ್ಪತ್ತೈದು ನಿಮಿಷ! ಮೇಲೆ ಯಂತ್ರದ ಹೊಟ್ಟೆಯಲ್ಲಿ ಯಾವಾಗಲೂ ಅರ್ಧ ಕೆಜಿಯಷ್ಟು ಕಾಳು ಉಳಿದೇ ಉಳಿಯುತ್ತದೆ. ಹತ್ತು ಕೆಜಿಗೆ ಅದು ಲೆಕ್ಕಕ್ಕಿಲ್ಲ. ಮೂರು ಕೆಜಿ ಹುಚ್ಚೆಳ್ಳಿನಲ್ಲಿ ಅರ್ಧ ಕೆಜಿ ಒಳಗೇ ಕೂತರೆ ಹೊಟ್ಟೆ ಉರಿಯುತ್ತದೆ. ಇನ್ನು ಕರೆಂಟ್. ನಡುವೆ ಹೋದರೆ ಬಿಸಿ ಹಿಂಡಿ ಆರಿ ಒಳಗೇ ಕಲ್ಲಾಗುತ್ತದೆ. ನಮ್ಮೂರಿನ ಕರೆಂಟ್ ನಂಬಿಕೊಂಡು ಇಂಥ ಯಂತ್ರ ಇಡುವ ಧೈರ್ಯ ನನಗಿಲ್ಲ.

ಇನ್ನು ನನ್ನ ಪುಟ್ಟ ಯಂತ್ರ. ಮೊದಲ ತಿಂಗಳು ಇದನ್ನು ಕೊಂಡು ತಪ್ಪು ಮಾಡಿದೆ ಅಂತಲೇ ಅನ್ನಿಸಿತು. ಪೆಟ್ಟಿಗೆ ಮೇಲೆ ಕೋಲ್ಡ್ ಪ್ರೆಸ್, ಅಂದರೆ ಬಿಸಿ ಮಾಡದೆ ಹಿಂಡುವುದು, ಅಂತ ದೊಡ್ಡದಾಗಿ ಬರೆದಿತ್ತು. ಒಳಗೆ ಹೀಟರ್ ಇದೆ! ಥರ್ಮಾಮೀಟರ್ 75 ತೋರಿಸಿತು. ಮೂರು ಯಂತ್ರದಲ್ಲಿ ಎಲ್ಲಕ್ಕಿಂತ ಬಿಸಿ ಎಣ್ಣೆ ಕೊಟ್ಟದ್ದು ಇದೇ, ಎಲ್ಲಕ್ಕಿಂತ ಕಮ್ಮಿ ಎಣ್ಣೆ ಕೊಟ್ಟದ್ದೂ ಇದೇ. ಗಷ್ಟು ಜಾಸ್ತಿ. ಎರಡು ದಿನಕ್ಕೆ ಪೂರ್ತಿ ತಿಳಿಯಾಗುವುದಿಲ್ಲ, ನಾಲ್ಕು ದಿನ ಬೇಕು.

ಗಾಣದವರು ಹೇಳಿದ್ದು ನೆನಪಿಟ್ಟುಕೊಂಡು ಎಳ್ಳಿಗೆ ಬೆಲ್ಲ ಪುಡಿ ಮಾಡಿ ಹಾಕಿದೆ. ಅದಕ್ಕಿಂತ ದೊಡ್ಡ ದಡ್ಡತನ ಇಲ್ಲ. ಬಿಸಿ ಸ್ಕ್ರೂ ಮೇಲೆ ಬೆಲ್ಲ ಕರಗಿ, ಪಾಕ ಬಂದು, ಸೀದು ಹಿಡಿದುಕೊಂಡಿತು. ಮನೆ ತುಂಬಾ ಚಿಕ್ಕಿ ಮಾಡಿದ ವಾಸನೆ. ಬೆಲ್ಲ ಮರದ ಗಾಣಕ್ಕೆ ಮಾತ್ರ, ಕಬ್ಬಿಣದ ಸ್ಕ್ರೂಗೆ ಬೇಡವೇ ಬೇಡ. ಇನ್ನೊಂದು ಸಲ ಕೆಲಸ ಮುಗಿದ ಮೇಲೆ ಬೆಳಿಗ್ಗೆ ತೊಳೆದರಾಯಿತು ಅಂತ ಹಾಗೇ ಬಿಟ್ಟು ಮಲಗಿದೆ. ಬೆಳಿಗ್ಗೆ ಸ್ವಿಚ್ ಹಾಕಿದರೆ ಮೋಟರ್ ಗುಂಯ್ ಅನ್ನುತ್ತದೆ, ಸ್ಕ್ರೂ ಅಲ್ಲಾಡುವುದಿಲ್ಲ. ಒಳಗಿನ ಪ್ಲಾಸ್ಟಿಕ್ ಗೇರ್ ಮುರಿದಿತ್ತು. ರಿಪೇರಿಗೆ ಕೊಟ್ಟವರು ಮೂರು ವಾರ ಸತಾಯಿಸಿದರು. ಅಷ್ಟರಲ್ಲಿ ಅವ್ವ ಮತ್ತೆ ಪ್ಯಾಕೆಟ್ ಎಣ್ಣೆ ತರಿಸಿ, ನನ್ನ ಕಣ್ಣಿಗೆ ಬೀಳುವ ಹಾಗೆ ಒಲೆ ಪಕ್ಕ ಇಟ್ಟಿದ್ದಳು.

ಆದರೂ ಇದನ್ನು ಮಾರಲಿಲ್ಲ. ಬಿಸಿ ಇರುವಾಗಲೇ ಬಟ್ಟೆ ಹಿಡಿದು ಸ್ಕ್ರೂ ಎಳೆದರೆ ಹದಿನೈದು ನಿಮಿಷದಲ್ಲಿ ಎಲ್ಲಾ ಚೊಕ್ಕ. ಮುಂದಿನ ಕಾಳು ಹಾಕಬಹುದು. ಮೂರು ಕೆಜಿ ಹುಚ್ಚೆಳ್ಳು ಹಾಕಿದೆ, 900 ಗ್ರಾಂ ಎಣ್ಣೆ ಬಂತು. ಗಾಣದವರು ಮುಟ್ಟದ ಕಾಳು, ಭಾವ ಮುಖ ಸಿಂಡರಿಸುವ ಕಾಳು ಅದು. ಅರ್ಧ ಕೆಜಿ ಇದ್ದರೂ ನಡೆಯುತ್ತದೆ. ಒಳಗೆ ಉಳಿಯುವುದು ಒಂದು ಹಿಡಿ ಅಷ್ಟೇ.

ಯಂತ್ರ ಯಾವುದಾದರೂ ಕಾಳಿನ ಹದ ಮಾತ್ರ ನಮ್ಮ ಕೈಯಲ್ಲೇ ಇದೆ. ಹಸಿ ಜಾಸ್ತಿ ಇದ್ದರೆ ಒಳಗೆ ಮುದ್ದೆ, ತೀರಾ ಒಣಗಿದ್ದರೆ ಬರೀ ಪುಡಿ. ಹಲ್ಲಲ್ಲಿ ಕಚ್ಚಿದರೆ ಕಟಕ್ ಅಂತ ಎರಡು ಹೋಳಾಗಬೇಕು. ಬೂಸಲು ಬಂದ ಶೇಂಗಾ ಬೀಜವನ್ನು ಒಂದೊಂದಾಗಿ ಆರಿಸಿ ಎಸೆಯಿರಿ. ಆ ಬೂಸಲಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಹಿಂಡಿದರೆ ಹೋಗುವುದಿಲ್ಲ. ಹೆಚ್ಚಿನದು ಹಿಂಡಿಗೆ ಸೇರುತ್ತದೆ, ಹಿಂಡಿ ತಿಂದ ಎಮ್ಮೆಯ ಹಾಲಿಗೂ ಬರುತ್ತದೆ. ಗಾಣದ ಎಣ್ಣೆ ಅಂದ ಮಾತ್ರಕ್ಕೆ ಒಳ್ಳೆಯದು ಅಂತೇನಿಲ್ಲ, ಅಲ್ವಾ? ಮಿಲ್ಲಿನವರು ಶುದ್ಧಿ ಮಾಡುವಾಗ ತೆಗೆಯುವುದನ್ನು ಇಲ್ಲಿ ನಾವು ಕಣ್ಣಿನಲ್ಲೇ ನೋಡಿ ತೆಗೆಯಬೇಕು.

ಹರಳಿನ ಬಗ್ಗೆ ಮನೆಯಲ್ಲಿ ಜಗಳವೇ ಆಯಿತು. ಅವ್ವ ಹರಳು ಹುರಿದು, ಕುಟ್ಟಿ, ನೀರಲ್ಲಿ ಕುದಿಸಿ, ಮೇಲೆ ತೇಲಿದ ಎಣ್ಣೆ ಬಳಿದು ತೆಗೆಯುವವಳು. ಅರ್ಧ ದಿನದ ಕೆಲಸ. “ಅಷ್ಟು ದುಡ್ಡು ಕೊಟ್ಟು ತಂದಿದೀಯಲ್ಲ, ಇದನ್ನೂ ಅದಕ್ಕೇ ಹಾಕೋ” ಅಂದಳು. ನಾನು ಒಪ್ಪಲಿಲ್ಲ. ಹರಳಿನ ಹಿಂಡಿಯಲ್ಲಿ ರಿಸಿನ್ ಎಂಬ ವಿಷ ಉಳಿಯುತ್ತದೆ. ಗೊಬ್ಬರಕ್ಕೆ ಸರಿ, ದನಕ್ಕೆ ಹಾಕುವಂತಿಲ್ಲ. ಅದರ ಚೂರು ಸ್ಕ್ರೂ ಸಂದಿಯಲ್ಲಿ ಕೂತು ನಾಳೆ ಶೇಂಗಾ ಹಿಂಡಿ ಜೊತೆ ಎಮ್ಮೆಯ ಬಾಯಿಗೆ ಹೋದರೆ? ಹೊಂಗೆಯನ್ನೂ ಹಾಗೇ ದೂರ ಇಟ್ಟಿದ್ದೇನೆ. ದುರ್ಗದ ಕೋಟೆಯಲ್ಲಿ ಎಣ್ಣೆಗೆ ಎಣ್ಣೆ ಕೊಳ, ಸಿಡಿಮದ್ದಿಗೆ ಮದ್ದು ಬೀಸುವ ಕಲ್ಲು ಅಂತ ಬೇರೆ ಬೇರೆ ಮಾಡಿಟ್ಟಿದ್ದರಲ್ಲ, ಆ ಪಾಳೇಗಾರರಿಗಿದ್ದ ಬುದ್ಧಿ ನಮಗೂ ಬೇಡವಾ ಅಂದೆ. ಅವ್ವ ಮುಖ ತಿರುಗಿಸಿಕೊಂಡು ಹರಳು ಕುಟ್ಟಲು ಹೋದಳು.

ರುಚಿಯ ಮಾತು ಬಂದರೆ ಮರದ ಗಾಣದ ಶೇಂಗಾ ಎಣ್ಣೆಗೆ ನನ್ನ ಓಟು. ಒಗ್ಗರಣೆ ಮಂಡಕ್ಕಿಗೆ ಹಾಕಿ ನೋಡಿ, ಬೀದಿಗೆಲ್ಲಾ ಗೊತ್ತಾಗುತ್ತದೆ. ಮಿರ್ಚಿ ಕರಿಯಲು ಭಾವನ ಎಕ್ಸ್‌ಪೆಲ್ಲರ್ ಎಣ್ಣೆಯಲ್ಲಿ ನೊರೆ ಕಮ್ಮಿ ಅಂತ ನನ್ನ ಹೆಂಡತಿ ಹೇಳುತ್ತಾಳೆ. ನನಗೆ ಅಷ್ಟು ವ್ಯತ್ಯಾಸ ಕಾಣಲಿಲ್ಲ. ಎಳ್ಳೆಣ್ಣೆಯಲ್ಲಿ ಮಾತ್ರ ನಮ್ಮ ಪುಟ್ಟ ಯಂತ್ರದ್ದು ಸ್ವಲ್ಪ ಹುರಿದ ವಾಸನೆ. ಉಪ್ಪಿನಕಾಯಿಗೆ ಅದೇ ಚೆನ್ನಾಗಿದೆ ಅನ್ನುವವರೂ ಇದ್ದಾರೆ.

ಒಂದೇ ಕಾಳು ಬೆಳೆಯುವವರು, ಊರವರದನ್ನೂ ಹಿಂಡಿ ನಾಲ್ಕು ಕಾಸು ನೋಡುವವರು ಭಾವನಂಥ ಎಕ್ಸ್‌ಪೆಲ್ಲರನ್ನೇ ತೆಗೆದುಕೊಳ್ಳಲಿ. ಸ್ವಂತ ಮರದ ಗಾಣ ಹಾಕಿಸುವ ಆಸೆ ಇರುವವರು ದಿನಕ್ಕೆ ಎಷ್ಟು ಒರಳು ತುಂಬುತ್ತದೆ ಅಂತ ಮೊದಲು ಲೆಕ್ಕ ಹಾಕಲಿ. ನಾನು ಮಾಡಿಕೊಂಡ ಏರ್ಪಾಡು ಹೀಗಿದೆ: ಶೇಂಗಾ ಪೂರ್ತಿ ಚಿತ್ರದುರ್ಗದ ಗಾಣಕ್ಕೆ, ವರ್ಷಕ್ಕೆ ಮೂರು ಸಲ. ಉಳಿದ ಪುಡಿಗಾಳೆಲ್ಲಾ ಮನೆಯ ಯಂತ್ರಕ್ಕೆ. 4.3ಕ್ಕೂ 4.1ಕ್ಕೂ ನಡುವೆ ಇರುವ 200 ಗ್ರಾಂ ಆಸೆಗೆ ಜಗಳೂರಿನವರೆಗೆ ಬಸ್ಸು ಹತ್ತುವುದಿಲ್ಲ. ಇದನ್ನು ಭಾವನಿಗೆ ಹೇಳಬೇಡಿ.

ಭಾನುವಾರ ಹಿಂಡುವಾಗ ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಮೊದಲು ಕುಸುಬೆ, ಅದಕ್ಕೆ ವಾಸನೆ ಇಲ್ಲ. ಆಮೇಲೆ ಎಳ್ಳು. ಕೊನೆಗೆ ಹುಚ್ಚೆಳ್ಳು. ಮೆತ್ತಗಿನ ವಾಸನೆಯಿಂದ ಘಾಟಿನ ಕಡೆ ಹೋದರೆ ನಡುವೆ ಸ್ಕ್ರೂ ಬಿಚ್ಚುವುದೇ ಬೇಡ, ಮೊದಲ ಎರಡು ಚಮಚ ಎಣ್ಣೆ ಬೇರೆ ಬಟ್ಟಲಿಗೆ ಹಿಡಿದರೆ ಸಾಕು. ಆ ಬೆರಕೆ ಎಣ್ಣೆ ದೇವರ ದೀಪಕ್ಕೆ. ಎಳ್ಳಿನ ಹಿಂಡಿಯಲ್ಲಿ ಇನ್ನೂ ಎಣ್ಣೆ ಇರುತ್ತದಲ್ಲ, ಅದನ್ನು ಎಮ್ಮೆಗೆ ಹಾಕಲು ಅವ್ವ ಬಿಡುವುದಿಲ್ಲ. ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಹಾಕಿ ಕುಟ್ಟಿ ಚಟ್ನಿಪುಡಿ ಮಾಡಿ ಡಬ್ಬಿಗೆ ತುಂಬುತ್ತಾಳೆ.