ಹಳೆ ವಿ-ಕ್ರಾಸ್‌ಗೆ ಹೊಸ ಶಾಕ್: ಒಂದು ವರ್ಷ ಓಡಿಸಿದ ಮೇಲೆ

ಬೆಂಗಳೂರಿನ ಪಾಟರಿ ಟೌನ್‌ನಿಂದ ತಲಘಟ್ಟಪುರಕ್ಕೆ ಮಣ್ಣಿನ ಕುಂಡ ತರುವಾಗ ಎಷ್ಟು ಒಡೆದವು ಅಂತ ನಾನು ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ. ಗಿಡಗಳ ನರ್ಸರಿಯ ಲೆಕ್ಕಕ್ಕೆ ಬೇಕಾಗುತ್ತದೆ. ಹೋದ ವರ್ಷ ಯುಗಾದಿ ಕಳೆದ ವಾರ ತಂದ 60 ಕುಂಡಗಳಲ್ಲಿ 11 ಹೋದವು. ಮಧ್ಯೆ ಮಧ್ಯೆ ಹುಲ್ಲು ತುರುಕಿದ್ದೆವು, ಗೋಣಿಚೀಲ ಸುತ್ತಿದ್ದೆವು, ನಿಧಾನಕ್ಕೇ ಬಂದಿದ್ದೆ. ಆದರೂ ಪ್ರತಿ ಹಂಪ್‌ನಲ್ಲೂ ಹಿಂದಿನಿಂದ ಕಟಕಟ ಸದ್ದು. ಕನ್ನಡಿಯಲ್ಲಿ ನೋಡಿದರೆ ಹಂಪ್ ದಾಟಿ ಇಷ್ಟು ದೂರ ಬಂದ ಮೇಲೂ ಪಿಕಪ್ ಗಾಡಿಯ ಹಿಂಭಾಗ ತೊಟ್ಟಿಲ ಹಾಗೆ ತೂಗುತ್ತಲೇ ಇತ್ತು. ಶಾಕ್, ಅಂದರೆ ಗಾಡಿಯ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್, ಹೋಗಿದೆ ಅಂತ ಅವತ್ತೇ ಗೊತ್ತಾಯಿತು. ಬೇಜಾರಾಗಿದ್ದು ಏನಂದರೆ, ಆ ಶಾಕ್ ಹಾಕಿಸಿ ಎಂಟೇ ತಿಂಗಳಾಗಿತ್ತು.

ನನ್ನದು 2017ರ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್, ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಕೊಡಬಹುದಾದದ್ದು. ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡಿದ್ದು. ಈಗ ಒಂದೂವರೆ ಲಕ್ಷ ಕಿಲೋಮೀಟರ್ ದಾಟಿದೆ. 2.5 ಲೀಟರ್ ಡೀಸೆಲ್ ಎಂಜಿನ್ ಇನ್ನೂ ಗಟ್ಟಿಯಾಗಿದೆ. ಮುಂದೆ ಎರಡೂ ಕಡೆ ಕಾಯಿಲ್ ಸ್ಪ್ರಿಂಗ್, ಹಿಂದೆ ಲಾರಿಗಳ ಥರ ಪ್ಲೇಟ್ ಸೆಟ್, ಅಂದರೆ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಸ್ಪ್ರಿಂಗ್. ವಾರದಲ್ಲಿ ನಾಲ್ಕು ದಿನ ಹಗುರವಾದ ಸಾಮಾನು, ಅಂದರೆ ಸಸಿ, ಖಾಲಿ ಕುಂಡ, ಕೋಕೋಪೀಟ್. ಇನ್ನೊಂದು ದಿನ ಹಾರೋಹಳ್ಳಿ ಹತ್ತಿರದ ಅಪ್ಪನ ತೋಟದಿಂದ ಕೆಮ್ಮಣ್ಣು, ಕೊಟ್ಟಿಗೆ ಗೊಬ್ಬರ. ಮಳೆ ಬಂದರೆ ಆ ತೋಟದ ಏರು ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನಗತಿಯಲ್ಲಿ ಜಾಸ್ತಿ ಬಲ ಕೊಡುವ ಗೇರ್) ಹಾಕದೆ ಹತ್ತುವುದಿಲ್ಲ. ಹೀಗೆ ಒಂದೇ ಗಾಡಿ ನಾಲ್ಕು ದಿನ ಹಗುರ, ಒಂದು ದಿನ ಪೂರ್ತಿ ಭಾರ. ಶಾಕ್ ಆರಿಸುವಾಗ ನಿಜವಾಗಿ ಮುಖ್ಯವಾಗಿದ್ದು ಇದೊಂದೇ ವಿಷಯ. ನಾನು ಮೊದಲ ಸಲ ಅದನ್ನೇ ಬಿಟ್ಟೆ.

ಕಂಪನಿಯಿಂದ ಬಂದ ಶಾಕ್‌ಗಳು ಒಂದು ಲಕ್ಷ ಕಿಲೋಮೀಟರ್ ದಾಟಿದ ಮೇಲೂ ಬಾಳಿದವು. ಅವು ಸೋರಲು ಶುರುವಾದಾಗ ಒಂದು ಅಂಗಡಿಗೆ ಹೋದೆ. ಹೆಸರು ಬೇಡ.

"ಲೋಡ್ ಹೊಡೀತೀರಾ ಅಕ್ಕ?"

"ಹೌದು, ಮಣ್ಣು ಗೊಬ್ಬರ ಎಲ್ಲಾ ತರ್ತೀನಿ."

"ಹಾಗಾದ್ರೆ ಯೋಚ್ನೆನೇ ಮಾಡ್ಬೇಡಿ, ಹೆವಿ ಡ್ಯೂಟಿ ಹಾಕ್ಸಿ."

ಹಾಕಿಸಿದೆ. ಡಬ್ಬದ ಮೇಲೆ ಯಾವ ಗಾಡಿಗೆ ಅಂತಲೂ ಬರೆದಿರಲಿಲ್ಲ. ಮಣ್ಣು ತುಂಬಿದ ದಿನ ಪರವಾಗಿಲ್ಲ ಅನ್ನಿಸಿತು. ಕುಂಡ ತರುವ ದಿನ ಹಿಂಭಾಗ ಚೆಂಡಿನ ಹಾಗೆ ಪುಟಿಯುತ್ತಿತ್ತು. ಅಷ್ಟು ಬಿಗಿ. ಆರು ತಿಂಗಳು ಕಳೆಯುವಷ್ಟರಲ್ಲಿ ಬಿಗಿ ಹೋಗಿ ತೂಗಾಟ ಶುರುವಾಯಿತು.

ಆಮೇಲೆ ಹೋಗಿದ್ದು ಉತ್ತರಹಳ್ಳಿಯ ಮೆಕ್ಯಾನಿಕ್ ಅಣ್ಣನ ಹತ್ತಿರ. ಅವರು ಮೊದಲು ಹಿಂದಿನ ಚಕ್ರದ ಹತ್ತಿರ ಕೂತು ಎಡಗಡೆ ಶಾಕ್ ಮೇಲೆ ಬೆರಳು ಎಳೆದರು. ಎಣ್ಣೆ ಸೇರಿ ಕೆಸರಾದ ಧೂಳು ಬೆರಳಿಗೆ ಮೆತ್ತಿಕೊಂಡಿತು. ಮೇಲ್ಭಾಗದಲ್ಲಿ ತೆಳ್ಳಗೆ ಎಣ್ಣೆ ಪಸೆ ಇದ್ದರೆ ಹೆದರಬೇಕಿಲ್ಲವಂತೆ. ಇದರಲ್ಲಿ ಕೆಳಗಿನ ಬೋಲ್ಟ್‌ವರೆಗೂ ಒದ್ದೆ ಇಳಿದಿತ್ತು. "ಒಂದು ರೌಂಡ್ ಹೋಗಿ ಬರೋಣ ಬನ್ನಿ" ಅಂದರು. ತುರಹಳ್ಳಿ ಕಾಡಿನ ಪಕ್ಕದ ಗುಂಡಿ ರಸ್ತೆಯಲ್ಲಿ ಹತ್ತು ನಿಮಿಷ ಓಡಿಸಿ, ಗಾಡಿ ನಿಲ್ಲಿಸಿ, ಕೈ ಹಿಂಬದಿಯಿಂದ ಎರಡೂ ಶಾಕ್ ಮುಟ್ಟಿ ನೋಡಲು ಹೇಳಿದರು. ಬಲಗಡೆಯದು ಚುರುಕ್ ಅನ್ನುವಷ್ಟು ಬಿಸಿ. ಎಡಗಡೆಯದು ತಣ್ಣಗೆ, ಗಾಡಿ ಓಡೇ ಇಲ್ಲವೇನೋ ಅನ್ನುವ ಹಾಗೆ.

ತಣ್ಣಗಿರುವುದೇ ಸತ್ತಿರುವುದು. ಶಾಕ್ ಒಳಗೆ ಎಣ್ಣೆ ಇರುತ್ತದೆ, ಅದರಲ್ಲಿ ಪಿಸ್ಟನ್ ಮೇಲೆ ಕೆಳಗೆ ಓಡುತ್ತದೆ. ಪಿಸ್ಟನ್‌ನ ಸಣ್ಣ ತೂತುಗಳಲ್ಲಿ ಎಣ್ಣೆ ನುಗ್ಗಿ ಬರಬೇಕು. ಆ ತಿಣುಕಾಟದಲ್ಲಿ ಸ್ಪ್ರಿಂಗ್‌ನ ಕುಣಿತವೆಲ್ಲ ಬಿಸಿಯಾಗಿ ಹೊರಗೆ ಹೋಗುತ್ತದೆ. ಎಣ್ಣೆ ಸೋರಿ ಹೋಗಿದ್ದರೆ ತಿಣುಕಾಟವೂ ಇಲ್ಲ, ಬಿಸಿಯೂ ಇಲ್ಲ.

ನಾನು ಇನ್ನೂ ಗಟ್ಟಿಯಾದ ಶಾಕ್ ಕೇಳುತ್ತೇನೆ ಅಂತ ಅವರಿಗೆ ಗೊತ್ತಿತ್ತೇನೋ. "ಅಕ್ಕ, ಶಾಕ್ ಭಾರ ಹೊರಲ್ಲ. ಭಾರ ಹೊರೋದು ಪ್ಲೇಟು. ಶಾಕ್ ಕೆಲ್ಸ ಪ್ಲೇಟ್ ಕುಣೀದಂಗೆ ಹಿಡಿಯೋದು ಅಷ್ಟೇ. ಮೊದ್ಲು ಪ್ಲೇಟ್ ನೋಡೋಣ" ಅಂದರು. ಟಾರ್ಚ್ ಬಿಟ್ಟು ನೋಡಿದರೆ ಎಡಗಡೆ ಸೆಟ್‌ನಲ್ಲಿ ಎರಡನೇ ಪ್ಲೇಟ್ ಕಟ್ ಆಗಿತ್ತು. ಒಡೆದ ಜಾಗದಲ್ಲಿ ತುಕ್ಕು ಹಿಡಿದಿತ್ತು, ಅಂದರೆ ಒಡೆದು ತುಂಬಾ ದಿನವಾಗಿತ್ತು. ಹಿಂದಿನ ಅಂಗಡಿಯಲ್ಲಿ ಇದನ್ನು ಯಾರೂ ಬಗ್ಗಿ ನೋಡಿರಲಿಲ್ಲ.

ನಾಯಂಡಹಳ್ಳಿ ಕಡೆ ಲಾರಿಗಳಿಗೆ ಪ್ಲೇಟ್ ಕಟ್ಟುವವರ ಹತ್ತಿರ ಎರಡೂ ಕಡೆ ಬಿಚ್ಚಿಸಿ ಸರಿ ಮಾಡಿಸಿದೆ. ಒಂದು ದಿನದ ಕೆಲಸ. ಗಾಡಿಯ ಎಡಗಡೆ ಸ್ವಲ್ಪ ತಗ್ಗಾಗಿತ್ತು, ಅದು ನೆಟ್ಟಗಾಯಿತು. ನಿಮ್ಮ ಪಿಕಪ್ ಹಿಂದೆ ಕೂತಿದೆ ಅನ್ನಿಸಿದರೆ ದಯವಿಟ್ಟು ಶಾಕ್ ಅಂಗಡಿಗೆ ಮುಂಚೆ ಇಲ್ಲಿಗೆ ಹೋಗಿ.

ಆಮೇಲೆ ಜೆ.ಸಿ. ರೋಡ್. ಟೌನ್ ಹಾಲ್‌ನಿಂದ ಮಿನರ್ವ ಸರ್ಕಲ್‌ವರೆಗೆ ಸ್ಪೇರ್ ಪಾರ್ಟ್ಸ್ ಅಂಗಡಿಗಳ ಸಾಲು. ನನ್ನ ಗಾಡಿ 5 ಮೀಟರ್‌ಗಿಂತ ಉದ್ದ, ಅಲ್ಲಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಮೆಟ್ರೋದಲ್ಲಿ ಹೋಗಿ ನಡೆದೇ ಸುತ್ತಿದೆ. ಎರಡು ಮಧ್ಯಾಹ್ನ ಹಿಡಿಯಿತು. ಈ ಸಲ ಪ್ರತಿ ಅಂಗಡಿಯಲ್ಲೂ ಒಂದೇ ಮಾತು ಹೇಳಿದೆ: ನಾಲ್ಕು ದಿನ ಹಗುರ, ಒಂದು ದಿನ ಭಾರ, ಎತ್ತರ ಬದಲಾಗಬಾರದು.

ಎತ್ತರದ ಮಾತು ಸುಮ್ನೆ ಹೇಳಿದ್ದಲ್ಲ. ಗಾಡಿ ಎತ್ತರಿಸುವ ಆಸೆ ಈಗ ಜಾಸ್ತಿ ಜನಕ್ಕೆ ಇದೆ. ಎತ್ತರಿಸಿದರೆ ಶಾಕ್ ಕೂಡ ಉದ್ದದ್ದೇ ಬೇಕು, ಇಲ್ಲದಿದ್ದರೆ ಪ್ರತಿ ಗುಂಡಿಯಲ್ಲೂ ಪೂರ್ತಿ ಎಳೆದುಕೊಂಡು ಬಡಿಯುತ್ತದೆ. ಕಂಪನಿ ಮಾಡಿಕೊಟ್ಟ ಗಾಡಿಯನ್ನು ಬದಲಾಯಿಸುವುದಕ್ಕೆ ತಡೆ ಹಾಕುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ತಕರಾರು ಬೇರೆ. ನನಗೆ ಕುಂಡ ಇಳಿಸಲು ಎತ್ತರ ಕಡಿಮೆ ಇದ್ದಷ್ಟೂ ಒಳ್ಳೆಯದು.

ಮೊದಲು ತೋರಿಸಿದ್ದು ಬಿಲ್‌ಸ್ಟೈನ್. ಜರ್ಮನಿಯದು. ಒಂದೇ ಕೊಳವೆಯ, ಗ್ಯಾಸ್ ತುಂಬಿದ ಶಾಕ್ ಅನ್ನು 1957ರಲ್ಲೇ ಮರ್ಸಿಡಿಸ್ ಕಾರುಗಳಿಗೆ ಮಾಡಿಕೊಟ್ಟವರು. ಇಂಥ ಶಾಕ್‌ನಲ್ಲಿ ಎಣ್ಣೆ ನೇರವಾಗಿ ಹೊರಗಿನ ಕೊಳವೆಗೇ ತಾಗಿರುತ್ತದೆ, ಬೇಗ ತಣ್ಣಗಾಗುತ್ತದೆ. ಹೈವೇಯಲ್ಲಿ ಗಂಟೆಗಟ್ಟಲೆ ಓಡಿಸುವವರಿಗೆ ಇದನ್ನೇ ಹೇಳುತ್ತೇನೆ. ಆದರೆ ಪಿಸ್ಟನ್ ಓಡುವುದೂ ಅದೇ ಕೊಳವೆಯಲ್ಲಿ. ದೊಡ್ಡ ಕಲ್ಲು ಸಿಡಿದು ಕೊಳವೆ ನೆಗ್ಗಿದರೆ ಪಿಸ್ಟನ್ ಸಿಕ್ಕಿಕೊಳ್ಳಬಹುದು. ಅಪ್ಪನ ತೋಟದ ದಾರಿ ಪೂರ್ತಿ ಕಲ್ಲು. ಅದಕ್ಕೆ ಬೇಡ ಅಂದೆ.

ಎರಡನೆಯದು ರಾಂಚೋ ಕಂಪನಿಯ ಆರ್‌ಎಸ್‌9000ಎಕ್ಸ್‌ಎಲ್. ಇದರ ಮೈಮೇಲೆ ಒಂದು ತಿರುಪು ಇದೆ, 9 ಹಂತ. ಭಾರ ಇದ್ದಾಗ ಬಿಗಿ ಮಾಡಿ, ಹಗುರ ಇದ್ದಾಗ ಸಡಿಲ ಮಾಡಬಹುದು. ಕೇಳಿದರೆ ನನಗೇ ಅಂತ ಮಾಡಿದ ಹಾಗಿದೆ, ಅಲ್ವಾ? ತುಂಬಾ ಯೋಚಿಸಿದೆ. ಆದರೆ ಗೊಬ್ಬರ ತುಂಬಿಸಿ, ಕೆಸರಲ್ಲಿ ಗಾಡಿ ಕೆಳಗೆ ಬಗ್ಗಿ ನಾಲ್ಕೂ ತಿರುಪು ತಿರುಗಿಸುವುದು, ಮತ್ತೆ ಸಂಜೆ ಇಳಿಸಿ ಸಡಿಲ ಮಾಡುವುದು ವಾರ ವಾರ ಆಗುವ ಕೆಲಸವಲ್ಲ. ಒಂದು ತಿಂಗಳು ಒಂದೇ ರೀತಿ, ಮುಂದಿನ ತಿಂಗಳು ಬೇರೆ ರೀತಿ ಭಾರ ಹಾಕುವವರಿಗೆ ಇದು ಸರಿ.

ಬೊಲೆರೋ ಪಿಕಪ್ ಇಟ್ಟಿರುವ ನಮ್ಮ ಭಾವ ಗೇಬ್ರಿಯಲ್ ಕಂಪನಿಯ ಶಾಕ್ ಹಾಕಿಸಿದ್ದಾರೆ. ಹೊಸೂರಿನಲ್ಲೇ ಆ ಕಂಪನಿಯ ಕಾರ್ಖಾನೆ ಇದೆ. ಭಾವನಿಗೆ ದಿನಾ ಒಂದೇ ಅಳತೆಯ ಭಾರ, ಊರೊಳಗಿನ ಓಡಾಟ. ಅವರು ಖುಷಿಯಾಗಿದ್ದಾರೆ. ಅಂಥವರು ಜಾಸ್ತಿ ದುಡ್ಡು ಸುರಿಯಬೇಕಿಲ್ಲ.

ನಾನು ಕೊನೆಗೆ ತಗೊಂಡಿದ್ದು ಓಲ್ಡ್ ಮ್ಯಾನ್ ಈಮು ನೈಟ್ರೋಚಾರ್ಜರ್. ಆಸ್ಟ್ರೇಲಿಯಾದ ಎಆರ್‌ಬಿ ಕಂಪನಿಯದು, ಹಳದಿ ಮೈ. ಇದು ಎರಡು ಕೊಳವೆಯದು. ಪಿಸ್ಟನ್ ಒಳಗಿನ ಕೊಳವೆಯಲ್ಲಿ ಓಡುತ್ತದೆ, ಹೊರಗಿನದು ಕಲ್ಲೇಟು ತಿನ್ನುತ್ತದೆ. ಎಣ್ಣೆ ನೊರೆಯಾಗದಂತೆ ಕಡಿಮೆ ಒತ್ತಡದಲ್ಲಿ ನೈಟ್ರೋಜನ್ ತುಂಬಿರುತ್ತಾರೆ. ಡಬ್ಬದ ಮೇಲಿನ ಪಾರ್ಟ್ ನಂಬರ್ ನನ್ನ ಗಾಡಿಗೆ, ಮುಂದಕ್ಕೆ ಹಿಂದಕ್ಕೆ ಬೇರೆ ಬೇರೆ. ಅದನ್ನು ನಾನೇ ಕೂತು ತಾಳೆ ನೋಡಿದೆ. ನಾನು ಮೊದಲು ಹಾಕಿಸಿದ್ದ ಸೆಟ್‌ಗೆ ಕೊಟ್ಟಿದ್ದಕ್ಕಿಂತ ಮೂರು ಪಟ್ಟು ದುಡ್ಡು ಆಯಿತು. ಕೈ ನಡುಗಿದ್ದು ನಿಜ. ಆದರೆ ಎರಡು ಸಲ ಹಾಕಿಸುವ ಕೂಲಿ, ಒಡೆದ ಕುಂಡ, ಸವೆದ ಟೈರ್ ಎಲ್ಲಾ ಸೇರಿಸಿ ಪುಸ್ತಕದಲ್ಲಿ ಕೂಡಿ ನೋಡಿದ ಮೇಲೆ ಸಮಾಧಾನವಾಯಿತು.

ಹಾಕುವ ದಿನ ನಾನು ಗ್ಯಾರೇಜಿನಲ್ಲೇ ಇದ್ದೆ. ಮೆಕ್ಯಾನಿಕ್ ಅಣ್ಣ ಡಬ್ಬ ತೆರೆದ ತಕ್ಷಣ ಶಾಕ್ ಹಾಕಲಿಲ್ಲ. ನೆಟ್ಟಗೆ ನಿಲ್ಲಿಸಿ, ರಾಡ್ ಹಿಡಿದು ಪೂರ್ತಿ ಒತ್ತಿ, ಪೂರ್ತಿ ಎಳೆದರು. ಮೊದಲೆರಡು ಸಲ ಒಳಗೆ ಪಿಚಿಪಿಚಿ ಸದ್ದು ಬಂತು, ಮಧ್ಯೆ ಒಂದು ಕಡೆ ಕೈ ಸಡಿಲವಾದ ಹಾಗೆ ಜಾರಿತು. ಐದನೇ ಸಲಕ್ಕೆ ಸದ್ದಿಲ್ಲ. ಜೇನುತುಪ್ಪದಲ್ಲಿ ಚಮಚ ಎಳೆದ ಹಾಗೆ ಒಂದೇ ಸಮ. ಮಲಗಿಸಿ ಇಟ್ಟಿದ್ದ ಎರಡು ಕೊಳವೆಯ ಶಾಕ್‌ನಲ್ಲಿ ಗ್ಯಾಸ್ ಒಳಗಿನ ಕೊಳವೆಗೆ ಬಂದಿರುತ್ತದೆ, ಹೀಗೆ ಮಾಡಿದರೆ ಹೊರಗಿನ ಕೊಳವೆಗೆ ಹೋಗುತ್ತದೆ. ನನಗೂ ಒಂದು ಕೊಟ್ಟರು. ಆ ಬಿಗಿ ಕೈಗೆ ತಿಳಿದ ಮೇಲೆ ಹಳೆಯದನ್ನು ಎತ್ತಿ ಒತ್ತಿ ನೋಡಿದೆ. ಒಂದೇ ಬೆರಳಿಗೆ ಒಳಗೆ ಹೋಯಿತು, ಹೋದದ್ದು ಅಲ್ಲೇ ಉಳಿಯಿತು.

ಮುಂದಿನ ಕಾಯಿಲ್ ಸ್ಪ್ರಿಂಗ್ ಬಿಚ್ಚಲು ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಬೇಕೇ ಬೇಕು. ಒತ್ತಿ ಹಿಡಿದ ಸ್ಪ್ರಿಂಗ್ ಹಾರಿದರೆ ಮುಖ, ಕೈ ಉಳಿಯುವುದಿಲ್ಲ. ಚೈನ್ ಕಟ್ಟಿ ಮಾಡುತ್ತೇವೆ ಅನ್ನುವ ಕಡೆ ಕೊಡಬೇಡಿ. ಇನ್ನೊಂದು ಮಾತು, ರಬ್ಬರ್ ಬುಷ್ (ಕೀಲಿನಲ್ಲಿ ಕೂರುವ ರಬ್ಬರ್ ಬಳೆ) ಇರುವ ಬೋಲ್ಟ್‌ಗಳನ್ನು ಗಾಡಿ ಜ್ಯಾಕ್ ಮೇಲಿರುವಾಗ ಪೂರ್ತಿ ಬಿಗಿ ಮಾಡಬಾರದು. ಚಕ್ರ ನೆಲಕ್ಕೆ ಬಂದು ಗಾಡಿಯ ಭಾರ ಕೂತ ಮೇಲೇ ಬಿಗಿ ಮಾಡಬೇಕು. ಇಲ್ಲದಿದ್ದರೆ ರಬ್ಬರ್ ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಅಣ್ಣ ಹಾಗೇ ಮಾಡಿದರು. ಮಾರನೇ ದಿನ ವೀಲ್ ಅಲೈನ್‌ಮೆಂಟ್.

ಈಗ ಒಂದು ವರ್ಷ, 14,000 ಕಿಲೋಮೀಟರ್. ಹಂಪ್ ದಾಟಿದರೆ ಹಿಂಭಾಗ ಒಂದು ಸಲ ಏಳುತ್ತದೆ, ಇಳಿಯುತ್ತದೆ, ಅಲ್ಲಿಗೆ ಮುಗಿಯಿತು. ಕನ್ನಡಿಯಲ್ಲಿ ಅರೆಕಾ ಪಾಮ್ ಗಿಡಗಳ ಗರಿ ಅಲ್ಲಾಡುತ್ತದೆ, ಕುಂಡ ಅಲ್ಲಾಡುವುದಿಲ್ಲ. ಪಾಟರಿ ಟೌನ್‌ನಿಂದ ತಂದ ಕಳೆದ ಆರು ಲೋಡಿನಲ್ಲಿ ಒಟ್ಟು ಮೂರು ಕುಂಡ ಒಡೆದಿವೆ. ಬ್ರೇಕ್ ಹಾಕಿದಾಗ ಮೂಗು ಮುಗ್ಗರಿಸುವುದು ಎಷ್ಟೋ ಕಡಿಮೆಯಾಗಿದೆ. ಅತ್ತೆ ಮುಂದಿನ ಸೀಟಿನಲ್ಲಿ ಕೂತು ಕನಕಪುರದವರೆಗೆ ಬಂದರು, ಸೊಂಟ ಹಿಡಿಯಿತು ಅನ್ನಲಿಲ್ಲ.

ನನಗೆ ತುಂಬಾ ಸಂತೋಷ ಕೊಟ್ಟಿದ್ದು ತೋಟದ ಏರು. ಮುಂಚೆ ಒದ್ದೆ ಕೆಮ್ಮಣ್ಣಿನಲ್ಲಿ ಹಿಂದಿನ ಚಕ್ರ ಕುಣಿದು ಕುಣಿದು ಹಿಡಿತ ಬಿಡುತ್ತಿತ್ತು. ಫೋರ್ ಲೋ ಇದ್ದರೂ ಚಕ್ರ ನೆಲ ಮುಟ್ಟದಿದ್ದರೆ ಏನು ಪ್ರಯೋಜನ? ಈಗ ಚಕ್ರ ನೆಲಕ್ಕೆ ಒತ್ತಿಕೊಂಡೇ ಹೋಗುತ್ತದೆ. ಮೊನ್ನೆ ಜೋರು ಮಳೆಯ ಮಾರನೇ ಬೆಳಿಗ್ಗೆ ಗೊಬ್ಬರ ತುಂಬಿಕೊಂಡು ಒಂದೇ ಉಸಿರಿಗೆ ಹತ್ತಿತು. ಅಪ್ಪ ಮೇಲೆ ನಿಂತು ನೋಡುತ್ತಿದ್ದರು.

ಇದರಿಂದ ಕಾರಿನ ಸುಖ ಸಿಗುತ್ತದೆ ಅಂತ ಅಂದುಕೊಳ್ಳಬೇಡಿ. ಕಾಂಕ್ರೀಟ್ ರಸ್ತೆಯ ಜೋಡಣೆಗಳ ಸಣ್ಣ ಏಟು ಈಗಲೂ ಸೀಟಿಗೆ ಬರುತ್ತದೆ. ಅದು ಪ್ಲೇಟ್ ಮತ್ತು ಟೈರ್ ಗಾಳಿಯ ವಿಷಯ. ಬಾಗಿಲ ಹತ್ತಿರದ ಸ್ಟಿಕರ್‌ನಲ್ಲಿ ಖಾಲಿ ಗಾಡಿಗೆ ಎಷ್ಟು, ಲೋಡ್‌ಗೆ ಎಷ್ಟು ಅಂತ ಬರೆದಿರುತ್ತದೆ. ಮಣ್ಣು ಇಳಿಸಿದ ಮೇಲೆ ಹಿಂದಿನ ಗಾಳಿ ಅದೇ ಲೆಕ್ಕಕ್ಕೆ ಇಳಿಸಿದರೆ ಅರ್ಧ ಏಟು ಅಲ್ಲೇ ಹೋಗುತ್ತದೆ.

ಹೋದ ವಾರ ನಾಲ್ಕೂ ಶಾಕ್ ಮುಟ್ಟಿ ನೋಡಿದೆ. ಹಿಂದಿನ ಎರಡೂ ಒಂದೇ ಬಿಸಿ, ಮುಂದಿನ ಎರಡೂ ಒಂದೇ ಬಿಸಿ, ಎಲ್ಲೂ ಒದ್ದೆ ಇಲ್ಲ. ಮುಂದೆ ಎಡಗಡೆ ಚಕ್ರ ಹಿಡಿದಿರುವ ಕೆಳಗಿನ ಆರ್ಮ್‌ನ ರಬ್ಬರ್ ಬುಷ್ ಮಾತ್ರ ಬಿರುಕು ಬಿಡುತ್ತಿದೆ. ಮಳೆಗಾಲಕ್ಕೆ ಮುಂಚೆ ಅದನ್ನು ಬದಲಾಯಿಸಬೇಕು, ಅಣ್ಣನಿಗೆ ಹೇಳಿಟ್ಟಿದ್ದೇನೆ.