ಉಪ್ಪರಿಗೆ ಕಿಟಕಿಗೆ ಮರೆ: ಬದಿಯಡ್ಕದ ಒಂದು ಅಲ್ಯೂಮಿನಿಯಂ ಶಾಪ್‌ನ ಕೆಲಸ

ನೀರ್ಚಾಲಿನಲ್ಲಿ ನಮ್ಮದು 11 ಸೆಂಟ್ಸ್ ಜಾಗ, ಮುರಕಲ್ಲಿನ ಹಳೆ ಮನೆ. ಮಗ ಸೊಸೆ ಊರಿಗೇ ಬಂದು ಇರುತ್ತೇವೆ ಎಂದ ಮೇಲೆ ಹೋದ ವರ್ಷ ಉಪ್ಪರಿಗೆಯಲ್ಲಿ ಎರಡು ಕೋಣೆ, ಒಂದು ಬಾಲ್ಕನಿ ಕಟ್ಟಿಸಿದೆವು. ಕಟ್ಟುವಾಗ ಎಲ್ಲವನ್ನೂ ನೋಡಿದ್ದೆವು. ಮೆಟ್ಟಿಲು ಎಲ್ಲಿ ಬರಬೇಕು, ಮಳೆ ನೀರು ಎತ್ತ ಹೋಗಬೇಕು, ಗಡಿಯಿಂದ ಎಷ್ಟು ಬಿಡಬೇಕು. ಪಂಚಾಯತಿನ ಪರ್ಮಿಟ್ ಕೂಡ ಸರಿಯಾಗಿಯೇ ಇತ್ತು. ಕಿಟಕಿಯಲ್ಲಿ ನಿಂತರೆ ಏನು ಕಾಣುತ್ತದೆ ಎಂದು ಮಾತ್ರ ಎಂಜಿನಿಯರ್ ನೋಡಲಿಲ್ಲ, ಮೇಸ್ತ್ರಿ ನೋಡಲಿಲ್ಲ, ನಾನೂ ನೋಡಲಿಲ್ಲ.

ಮೂಡು ಬದಿಯಲ್ಲಿ ಪಕ್ಕದ ಮನೆಯವರ ಬಾವಿಕಟ್ಟೆ ಇದೆ. ಅದರ ಹತ್ತಿರ ಬಟ್ಟೆ ಒಗೆಯುವ ಕಲ್ಲು, ಅಡಿಕೆ ದಬ್ಬೆ ಕಟ್ಟಿದ ಬಚ್ಚಲು. ಬಚ್ಚಲಿಗೆ ಮಾಡು, ಅಂದರೆ ಚಾವಣಿ, ಇಲ್ಲ. ಇಷ್ಟು ವರ್ಷ ಅದರ ಅಗತ್ಯವೂ ಇರಲಿಲ್ಲ.

ಕಿಟಕಿ ಕೂರಿಸಿದ ವಾರವೇ ಆ ಅಕ್ಕ ಬೇಲಿಯ ಹತ್ತಿರ ಬಂದು, "ಟೀಚರೇ, ಇನ್ನು ನಾವು ಮೀಯುವುದು ಹೇಗೆ?" ಎಂದರು. ಸಿಟ್ಟಿನಲ್ಲಿ ಹೇಳಲಿಲ್ಲ. ಅದಕ್ಕೇ ನನಗೆ ಜಾಸ್ತಿ ನೋವಾಯಿತು. 28 ವರ್ಷದ ನೆರೆ ನಮ್ಮದು. ಸಂಜೆ ಮೇಲೆ ಹೋಗಿ ಕಿಟಕಿಯಲ್ಲಿ ನಿಂತೆ. ಬಾವಿಯ ಕೊಡಪಾನ, ಹಗ್ಗದಲ್ಲಿ ಒಣಗಲು ಹಾಕಿದ ತಲೆವಸ್ತ್ರ, ಬಚ್ಚಲಿನ ಒಳಗಿನ ಸೋಪಿನ ಡಬ್ಬಿ ಎಲ್ಲ ಕಂಡಿತು. ಸೋಪಿನ ಬಣ್ಣ ಕೂಡ ಕಂಡಿತು. ಕೂಡಲೇ ಬಾಗಿಲು ಹಾಕಿಬಿಟ್ಟೆ.

ಕಾಸರಗೋಡಿನಲ್ಲಿ ವಕೀಲನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಹತ್ತಿರ ಕೇಳಿದೆ. 1882ರ ಈಸ್‌ಮೆಂಟ್ ಕಾಯ್ದೆಯ (ನೆರೆಯ ಜಾಗದ ಮೇಲಿನ ಹಕ್ಕುಗಳ ಕಾಯ್ದೆ) 18ನೇ ಸೆಕ್ಷನ್‌ನಲ್ಲಿ ಇದೇ ಉದಾಹರಣೆ ಇದೆ ಎಂದ. ಊರಿನ ರೂಢಿ ಹಾಗಿದ್ದರೆ, ನೆರೆಮನೆಯ ಮರೆಯ ಜಾಗ ಕಾಣುವಂತೆ ಹೊಸ ಕಿಟಕಿ ತೆರೆಯಬಾರದು. ಆದರೆ ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ತೋರಿಸಬೇಕಾದವರು ಅವರು. ಆ ಅಕ್ಕ ಅದಕ್ಕಾಗಿ ಕೋರ್ಟಿನ ಮೆಟ್ಟಿಲು ಹತ್ತುವುದು ನನಗೆ ಬೇಡವಾಗಿತ್ತು.

ಮೊದಲು ಗಾಜಿಗೆ ಹಾಲುಬಣ್ಣದ ಸ್ಟಿಕ್ಕರ್ ಹಚ್ಚಿಸಿದೆ. ಕಿಟಕಿ ಮುಚ್ಚಿದ್ದರೆ ಮಾತ್ರ ಅದರಿಂದ ಉಪಯೋಗ. ಏಪ್ರಿಲ್ ಸೆಕೆಯಲ್ಲಿ ಉಪ್ಪರಿಗೆಯ ಕಿಟಕಿ ಮುಚ್ಚಿ ಮಲಗಲು ಆಗುತ್ತದಾ? ಕನ್ನಡಿಯ ಹಾಗೆ ಹೊಳೆಯುವ ಸ್ಟಿಕ್ಕರ್ ಹಾಕಿ ಎಂದು ಕೆಲವರು ಹೇಳಿದರು. ಅದು ಹಗಲಿಗೆ ಸರಿ. ರಾತ್ರಿ ಒಳಗೆ ಲೈಟ್ ಹಾಕಿದರೆ ನಮ್ಮ ಕೋಣೆಯೇ ಹೊರಗಿನವರಿಗೆ ಕಾಣುತ್ತದೆ. ನರ್ಸರಿಗೆ ಕಟ್ಟುವ ಹಸಿರು ನೆಟ್ ಕಟ್ಟಿದ್ದು ಜೂನ್ ಗಾಳಿಗೆ ಹರಿದುಹೋಯಿತು.

ಆಮೇಲೆ ಬದಿಯಡ್ಕದ ಈ ಶಾಪ್‌ಗೆ ಹೋದೆ. ಅಲ್ಯೂಮಿನಿಯಂ ಬಾಗಿಲು, ಕಿಟಕಿ, ಗ್ರಿಲ್ ಮಾಡುವ ಸಣ್ಣ ಜಾಗ, ನಾಲ್ಕೈದು ಜನ ಕೆಲಸದವರು. ಅಳತೆಗೆ ಬಂದ ಹುಡುಗ ಸೀದಾ ಮೇಲೆ ಹತ್ತಲಿಲ್ಲ. "ಅವರ ಜಾಲಿಗೆ (ಅಂಗಳಕ್ಕೆ) ಹೋಗಬಹುದಾ ಕೇಳಿ ಟೀಚರೇ" ಎಂದ. ಅಕ್ಕ ಒಪ್ಪಿದರು. ಅವನು ಬಾವಿಕಟ್ಟೆಯಲ್ಲಿ ನಿಂತ, ಒಗೆಯುವ ಕಲ್ಲಿನ ಹತ್ತಿರ ನಿಂತ, ಬಚ್ಚಲಿನ ಒಳಗೂ ಹೋಗಿ ನಿಂತ. ಜೊತೆಗಿದ್ದವನನ್ನು ನಮ್ಮ ಕಿಟಕಿಯಲ್ಲಿ ನಿಲ್ಲಿಸಿ, "ಈಗ ನನ್ನ ತಲೆ ಕಾಣ್ತದಾ? ಕೈ ಕಾಣ್ತದಾ?" ಎಂದು ಕೂಗಿ ಕೇಳಿದ. ಈ ಶಾಪ್‌ನ ಬಗ್ಗೆ ಬರೆಯಲೇಬೇಕು ಅನಿಸಿದ್ದು ಆ ಅರ್ಧ ಗಂಟೆಯಿಂದ. ನನ್ನ ಎಂಜಿನಿಯರ್ ಮಾಡಬೇಕಾಗಿದ್ದ ಕೆಲಸ ಅದು.

ಮೊದಲು ಅಡ್ಡ ಪಟ್ಟಿಯ ಫ್ರೇಮ್ ಎಂದು ಮಾತಾಗಿತ್ತು. ಮಳೆ ನೀರು ಹೊರಗೆ ಇಳಿಯಲು ಅದರ ಹೊರ ಅಂಚು ತಗ್ಗಿರುತ್ತದೆ. ಒಂದು ತುಂಡು ತಂದು ಕಿಟಕಿಗೆ ಹಿಡಿದು ನೋಡಿದಾಗ ಎದುರಿನ ತೆಂಗಿನ ಮರ ಮರೆಯಾಯಿತು, ಕೆಳಗಿನ ಬಾವಿಕಟ್ಟೆ ಸಂದಿಯಲ್ಲಿ ಸ್ಪಷ್ಟವಾಗಿ ಕಂಡಿತು! ಪಟ್ಟಿಯನ್ನು ತಿರುಗಿಸಿದರೆ ಬಾವಿ ಮರೆಯಾಗುತ್ತದೆ, ಆದರೆ ಮಳೆ ನೀರು ಕೋಣೆಗೇ ಇಳಿಯುತ್ತದೆ. ಮೇಲಿನ ಮನೆಯಿಂದ ಕೆಳಗೆ ಕಾಣಬಾರದು ಎಂದು ಪಟ್ಟಿ ಹಾಕಿಸುವವರು ಇದೊಂದನ್ನು ದಯವಿಟ್ಟು ನೋಡಿಕೊಳ್ಳಿ. ದುಡ್ಡು ಕೊಟ್ಟ ಮೇಲೆ ಗೊತ್ತಾದರೆ ಪ್ರಯೋಜನ ಇಲ್ಲ.

ಕೊನೆಗೆ ಹಾಕಿದ್ದು ನೆಟ್ಟಗೆ ನಿಲ್ಲುವ ಪಟ್ಟಿ. 4 ಇಂಚು ಅಗಲ, ಎರಡೂವರೆ ಇಂಚಿಗೊಂದು, ಓರೆಯಾಗಿ. ಒಂದರ ಅಂಚು ಇನ್ನೊಂದರ ಹಿಂದೆ ಹೋಗುತ್ತದೆ. ಸಂದಿಯೆಲ್ಲ ತೆಂಕು ಬದಿಯ ನಮ್ಮ ಅಡಿಕೆ ತೋಟದ ಕಡೆಗೆ. ಕಿಟಕಿಯಲ್ಲಿ ನಿಂತರೆ ಬಾವಿ ಇರುವುದು ಎದುರಿನಿಂದ ಬಡಗು ಬದಿಗೆ, ಆದ್ದರಿಂದ ಎಷ್ಟು ಬಗ್ಗಿ ನೋಡಿದರೂ ಕಾಣುವುದಿಲ್ಲ. ಗಾಳಿ ಬರುತ್ತದೆ. ನಮ್ಮಲ್ಲಿ ಮಳೆಗಾಲದ ಗಾಳಿ ಪಡುವಣದ್ದು, ಕಿಟಕಿ ಮೂಡು ಬದಿಗೆ, ಹಾಗಾಗಿ ಎರಚಲೂ ಕಡಿಮೆ. ಎರಡು ಕಿಟಕಿ, ಬಾಲ್ಕನಿಯ ಒಂದು ಬದಿ ಸೇರಿ 68 ಚದರಡಿ, ಅಡಿಗೆ 420 ರೂಪಾಯಿಯಂತೆ 28,560 ಆಯಿತು.

ಹಾಕಿದ ದಿನ ರಾತ್ರಿ ಮೇಲೆ ಎಲ್ಲ ಲೈಟ್ ಹಾಕಿಸಿ, ಸೊಸೆಯನ್ನು ಕೋಣೆಯಲ್ಲಿ ಅತ್ತಿತ್ತ ನಡೆಯಲು ಹೇಳಿ, ನಾನೂ ಅಕ್ಕನೂ ಬಾವಿಕಟ್ಟೆಯಲ್ಲಿ ನಿಂತು ನೋಡಿದೆವು. ಬೆಳಕಿನ ಗೆರೆ ಬಿಟ್ಟರೆ ಏನೂ ಇಲ್ಲ. ಬಚ್ಚಲಿಗೆ ಶೀಟಿನ ಮಾಡು ಕೂಡ ನಾನೇ ಹಾಕಿಸುತ್ತೇನೆ ಎಂದೆ. "ಬೇಡ ಟೀಚರೇ, ಬಿಸಿಲು ಬೀಳದಿದ್ದರೆ ಪಾಚಿ ಹಿಡಿಯುತ್ತದೆ, ಇದು ಸಾಕು" ಎಂದರು. ಮರುದಿನ ಬೆಳಿಗ್ಗೆ ಮೊಮ್ಮಕ್ಕಳನ್ನು ಮೀಯಿಸುವ ಶಬ್ದ ಕೇಳಿತು. ತಿಂಗಳುಗಳೇ ಆಗಿದ್ದವು ಅದನ್ನು ಕೇಳದೆ.

ತಪ್ಪುಗಳೂ ಇವೆ. 10 ದಿನ ಎಂದು ಹೇಳಿ 24 ದಿನ ಮಾಡಿದರು. ಫೋನ್ ಮಾಡಿದರೆ ಪ್ರತಿ ಸಲ "ನಾಳೆ". ಅಷ್ಟು ದಿನ ಅಕ್ಕನ ಮನೆಯವರು ಕತ್ತಲಾದ ಮೇಲೆ ಮೀಯಬೇಕಾಯಿತು, ಅದು ನನಗೆ ಸಣ್ಣ ವಿಷಯ ಅಲ್ಲ. ಕೋಣೆ ಸ್ವಲ್ಪ ಕತ್ತಲೆ, ಸಂಜೆ 5 ಗಂಟೆಗೇ ಲೈಟ್ ಬೇಕು. ಪಟ್ಟಿಯ ಸಂದಿಯ ಜೇಡರ ಬಲೆ ತೆಗೆಯುವುದು ಕಷ್ಟ. ಎಲ್ಲಕ್ಕಿಂತ ಬೇಸರ ಸ್ಕ್ರೂವಿನದು. ಸ್ಟೀಲ್ ಸ್ಕ್ರೂ ಎಂದು ಹೇಳಿ ಕಬ್ಬಿಣದ್ದು ಹಾಕಿದ್ದಾರೆ. ಒಂದೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಿಳಿ ಗೋಡೆಯಲ್ಲಿ ಕಂದು ಗೆರೆ ಇಳಿದಿದೆ. ನೀವು ಹೋದರೆ ಸ್ಕ್ರೂ ಯಾವುದು ಎಂದು ಬಿಲ್ಲಿನಲ್ಲೇ ಬರೆಸಿ.

ಅಳತೆಗೂ ಕೆಲಸಕ್ಕೂ 5ರಲ್ಲಿ 5 ಕೊಡುತ್ತೇನೆ, ಹೇಳಿದ ಮಾತಿಗೆ 2. ಬಾಕಿ 2,000 ರೂಪಾಯಿ ಕವರಿನಲ್ಲಿ ಹಾಕಿ ಇಟ್ಟಿದ್ದೇನೆ. ಸ್ಕ್ರೂ ಬದಲಿಸಲು ಆ ಹುಡುಗನನ್ನೇ ಕಳಿಸಿ ಎಂದು ಹೇಳಿದ್ದೇನೆ. ಬರುವ ಸೋಮವಾರ ಎಂದಿದ್ದಾರೆ.